ಮೂರು ಮೂವತ್ನಾಲ್ಕು

"ಮಾಸ್ತರೇ, ಈ ಹೆಂಗಸರಿಗೆ ತಮ್ಮ ಅಳತೆ ತಮಗೇ ಯಾಕೆ ಗೊತ್ತಿರೋದಿಲ್ಲ?"

ಕೇಳಿದವನು ಕರಿಬಸಪ್ಪ. ಹಾಲಪ್ಪ ಮಾಸ್ತರರ ಬಳಿ ಹೊಲಿಗೆ ಕಲಿತವನು. ಈಗ ಪೇಟೆಯಲ್ಲಿ ಹೆಂಗಸರ ಒಳಉಡುಪಿನ ಅಂಗಡಿ ಇಟ್ಟಿದ್ದ. ಬೆಳಿಗ್ಗೆಯಿಂದ ಹೆಂಗಸರು ಕೊಂಡದ್ದನ್ನು ವಾಪಸು ತರುತ್ತಲೇ ಇದ್ದರು. ಒಬ್ಬರದನ್ನೂ ಅವನು ತೆಗೆದುಕೊಂಡಿರಲಿಲ್ಲ. ಆದರೂ ತಲೆ ಕೆಟ್ಟು, ಗುರುವನ್ನು ಹುಡುಕಿಕೊಂಡು ಮಿರ್ಚಿ ಅಂಗಡಿಗೆ ಬಂದಿದ್ದ.

ಮಾಸ್ತರರು ಮಿರ್ಚಿಯ ತೊಟ್ಟು ಕಿತ್ತು ಬದಿಗಿಟ್ಟರು.

"ಏಳು ಸಂಸ್ಥಾನದ ರಾಣಿಯರು ನನ್ನ ಟೇಪಿನ ಮುಂದೆ ಕೈ ಎತ್ತಿ ನಿಂತಿದ್ದಾರೆ ಕಣೋ," ಎಂದರು. "ಸುಳ್ಳು. ರಾಣಿ ಹಾಗಿರಲಿ, ತಹಸೀಲ್ದಾರರ ಹೆಂಡತಿಯೂ ನನ್ನ ಅಂಗಡಿ ಮೆಟ್ಟಿಲು ಹತ್ತಿಲ್ಲ. ಆದರೆ ಈಗ ಹೇಳೋ ಕತೆ ನಿಜ. ಪಕ್ಕದ ಊರಲ್ಲೇ ನಡೆದದ್ದು. ಯಾವ ಪಕ್ಕ ಅಂತ ಮಾತ್ರ ಕೇಳಬೇಡ."

ಮಾಸ್ತರರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ರೊಟ್ಟಿ ಬಡಿಯುವ ಹೆಂಗಸೊಬ್ಬಳಿದ್ದಳು. ಖಾನಾವಳಿಯಲ್ಲಿ ಅವಳ ಕೆಲಸ. ಮಧ್ಯಾಹ್ನವಾಗುತ್ತಿದ್ದಂತೆ ಒಳಉಡುಪಿನ ಪಟ್ಟಿ ಭುಜವನ್ನು ಕೊಯ್ಯುತ್ತಿತ್ತು. ಎದೆ ಬಿಗಿದು ಉಸಿರು ಸಾಲುತ್ತಿರಲಿಲ್ಲ. ಕೈ ನಿಧಾನವಾಗುತ್ತಿತ್ತು. ಖಾನಾವಳಿಯ ಯಜಮಾನ ಇದನ್ನು ನೋಡಿದ. ನಿನ್ನ ಕೈ ಸೋತರೆ ಬೇರೆಯವಳನ್ನು ಕರೆಸಬೇಕಾಗುತ್ತದೆ ಎಂದ.

ಅವಳು ಒಳಉಡುಪು ಮಾರುವ ವ್ಯಾಪಾರಿಯೊಬ್ಬನ ಬಳಿಗೆ ಹೋದಳು. ಆ ಊರಿನ ಹೆಂಗಸರು ಬ್ರಾ ಎನ್ನುವುದಿಲ್ಲ, ಬಾಡಿ ಎನ್ನುತ್ತಾರೆ. ಒಂದು ಬಾಡಿ ಬೇಕು ಎಂದು, ಹಿಂದೆ ನಿಂತವರಿಗೆ ಕೇಳಿಸದಂತೆ ಕೇಳಿದಳು. ವ್ಯಾಪಾರಿ ಟೇಪು ಮುಟ್ಟಲಿಲ್ಲ. ಕಣ್ಣಿನಲ್ಲೇ ಅಳೆದ. ಮೂವತ್ನಾಲ್ಕು ಎಂದ. ಅವಳು ಬಿಡಿಸಿ ನೋಡುವ ಮೊದಲೇ ಹಳೆಯ ಪೇಪರಿನಲ್ಲಿ ಸುತ್ತಿಬಿಟ್ಟ.

ಅದರ ಕೊಂಡಿ ಕೊಂಡಿಗೆ ಸೇರಲಿಲ್ಲ. ಮರುದಿನ ವಾಪಸು ತಂದಳು.

"ಅಣ್ಣಾ, ಈ ಬಾಡಿ ಸರಿಯಿಲ್ಲ."

"ಬಾಡಿ ಸರಿಯಾಗೇ ಇದೆ, ಕಂಪನಿ ಮಾಲು. ನಿಮ್ಮ ಬಾಡಿ ಸರಿಯಿಲ್ಲಮ್ಮ."

ಅಂಗಡಿಯಲ್ಲಿದ್ದವರು ನಕ್ಕರು. ಅವಳೂ ನಕ್ಕಳು. ಬೇರೇನು ಮಾಡಬೇಕೆಂದು ತಿಳಿಯಲಿಲ್ಲ.

ಇಲ್ಲಿಗೆ ಬಂದಾಗ ಮಾಸ್ತರರ ದನಿ ಏರಿತು. ಮಿರ್ಚಿ ಕರಿಯುತ್ತಿದ್ದವನು ತಿರುಗಿ ನೋಡಿದ.

"ನಕ್ಕರಂತೆ ಕಣೋ! ಅಕ್ಕಿ ಅಳೆಯೋ ಸೇರು ಅಂಗಡಿಗೊಂದು ಥರ ಇದ್ದರೆ ಊರು ಸುಮ್ಮನಿರುತ್ತಾ? ತಕ್ಕಡಿಗೆ ಸರ್ಕಾರದವರು ಬಂದು ಮುದ್ರೆ ಒತ್ತುತ್ತಾರೆ. ಇಲ್ಲಿ ಹೇಳೋರು ಕೇಳೋರು ಯಾರಿದ್ದಾರೆ? ಒಂದು ಕಂಪನಿ ಎದೆಯ ಕೆಳಗಿನ ಸುತ್ತಳತೆ ತೆಗೆದು ಅದನ್ನೇ ಬರೆಯುತ್ತೆ. ಇನ್ನೊಂದು ಅದಕ್ಕೆ ನಾಲ್ಕೈದು ಇಂಚು ಕೂಡಿಸಿ ಬರೆಯುತ್ತೆ. ಯಾಕಪ್ಪಾ ಕೂಡಿಸಿದೆ ಅಂದರೆ, ನಮ್ಮಪ್ಪನೂ ಕೂಡಿಸ್ತಿದ್ದ ಅಂತಾನೆ ಕಂಪನಿಯವನು! ಪಕ್ಕದಲ್ಲಿ ಎ, ಬಿ, ಸಿ, ಡಿ ಬೇರೆ. ಅದು ಮುಂದಿನ ಬಟ್ಟಲಿನ ಅಳತೆ. ಮೂವತ್ತೆರಡರ ಸಿ ಬಟ್ಟಲು, ಮೂವತ್ನಾಲ್ಕರ ಬಿ ಬಟ್ಟಲು, ಎರಡೂ ಹೆಚ್ಚುಕಡಿಮೆ ಒಂದೇ ಗಾತ್ರ. ಇದನ್ನ ಯಾವ ಹೆಂಗಸಿಗೆ ಯಾವ ಗಂಡಸು ಬಿಡಿಸಿ ಹೇಳಿದ್ದಾನೆ? ಆ ವ್ಯಾಪಾರಿ ಇಟ್ಟಿದ್ದೇ ಬಿ ಒಂದನ್ನ. ಉಳಿದದ್ದು ಓಡೋದಿಲ್ಲವಂತೆ. ಓಡೋಕೆ ಅದೇನು ಕುದುರೆಯೇನೋ?"

ಕರಿಬಸಪ್ಪನ ಅಂಗಡಿಯಲ್ಲೂ ಬಿ ಮಾತ್ರವಿತ್ತು. ಅವನು ತಟ್ಟೆಯ ಕಡೆ ನೋಡಿದ.

ಮಾಸ್ತರರು ನೀರು ಕುಡಿದು ಮುಂದುವರಿಸಿದರು.

ಅವಳು ಅದೇ ಅಂಗಡಿಯಲ್ಲಿ ಬೇರೆ ಕಂಪನಿಯ ಮೂವತ್ನಾಲ್ಕು ಕೊಂಡಳು. ಅದು ಮೈಗೆ ನಿಲ್ಲದೆ ಮೇಲೇರಿತು. ಭಾರವೆಲ್ಲ ಪಟ್ಟಿಯ ಮೇಲೆ ಬಿದ್ದು ಭುಜ ಇನ್ನಷ್ಟು ಕೊಯ್ಯಿತು. ಮತ್ತೊಂದು ಕಂಪನಿಯ ಮೂವತ್ನಾಲ್ಕು ಕೊಂಡಳು. ಅದರ ಬಟ್ಟಲು ಸಾಲಲಿಲ್ಲ. ಆಗ ಅವಳಿಗೆ ವ್ಯಾಪಾರಿ ಹೇಳಿದ್ದೇ ಸತ್ಯವೆನ್ನಿಸಿತು. ಮೈಯನ್ನು ಸೈಜಿಗೆ ತರಲು ಊಟ ಕಡಿಮೆ ಮಾಡಿದಳು. ಊರಿಗೆಲ್ಲ ರೊಟ್ಟಿ ಬಡಿದವಳು ತಾನು ರೊಟ್ಟಿ ಮುಟ್ಟಲಿಲ್ಲ. ಇದ್ದ ಶಕ್ತಿಯೂ ಹೋಯಿತು. ಖಾನಾವಳಿಯ ಯಜಮಾನ ಬೇರೆಯವಳನ್ನು ಕರೆಸಿಕೊಂಡ. ಇವಳ ಕೈಯಲ್ಲಿ ಕಸುವಿಲ್ಲ ಎಂದು ಊರಿಗೆ ಹೇಳಿದ.

ಕೆಲಸ ಹೋದ ದಿನ ಅವಳು ಮೂರನ್ನೂ ಹಿಡಿದು ಅಂಗಡಿಗೆ ಬಂದಳು. ಹಗಲು ಬೆಳಕಿನಲ್ಲಿ, ಜನರೆದುರಿಗೆ, ಗಲ್ಲಾಪೆಟ್ಟಿಗೆಯ ಪಕ್ಕದ ಹಲಗೆಯ ಮೇಲೆ ಒಂದರ ಮೇಲೊಂದು ಹರಡಿದಳು. ಒಂದರ ಅಂಚು ಇನ್ನೊಂದರ ಅಂಚಿಗೆ ಕೂಡಲಿಲ್ಲ.

"ಮೂರರ ಮೇಲೂ ಮೂವತ್ನಾಲ್ಕು ಅಂತ ಬರೆದಿದೆ. ಇದರಲ್ಲಿ ಯಾವ ಬಾಡಿ ಸರಿಯಿಲ್ಲ, ಹೇಳಣ್ಣಾ."

ವ್ಯಾಪಾರಿ ಅಳತೆ ನೋಡಲಿಲ್ಲ. ಹಳೆಯ ಪೇಪರಿಗೆ ಕೈ ಹಾಕಿದ.

"ಮೊದಲು ಅದನ್ನ ಮುಚ್ಚಮ್ಮಾ. ಮರ್ಯಾದಸ್ಥರು ಬರೋ ಅಂಗಡಿ ಇದು."

ಕತೆ ಅಲ್ಲಿಗೆ ನಿಂತಿತು. ಮಾಸ್ತರರು ಎರಡು ಚಹಾ ಹೇಳಿದರು. ಲೋಟಗಳು ಬಂದವು.

ಕರಿಬಸಪ್ಪ ಕುಳಿತಲ್ಲೇ ಮಿಸುಕಾಡಿದ. ಆ ಹೆಂಗಸು ತನ್ನ ಅಂಗಡಿಗೇ ಬಂದು ಆ ಮೂರನ್ನೂ ಹರಡಿದಂತೆ ಅವನಿಗೆ ಅನ್ನಿಸುತ್ತಿತ್ತು. ಹಾಗೆ ಅನ್ನಿಸಿದ್ದಕ್ಕೆ ಸಿಟ್ಟೂ ಬಂತು.

"ಅಲ್ರೀ ಮಾಸ್ತರೇ, ವ್ಯಾಪಾರಿಯದೇನು ತಪ್ಪು? ಕಂಪನಿ ಬರೆದದ್ದನ್ನ ಓದಿ ಕೊಟ್ಟ. ಅವಳಿಗೆ ತನ್ನ ಮೈ ತನಗೆ ಗೊತ್ತಿರಬೇಡವಾ?"

"ನಿನ್ನ ಸ್ಕೂಟರ್ ಬೀಳ್ತಿದೆ ನೋಡೋ!" ಎಂದರು ಮಾಸ್ತರರು.

ಕರಿಬಸಪ್ಪ ಬೆಚ್ಚಿ ತಿರುಗಿದ. ಸ್ಕೂಟರ್ ನಿಂತಲ್ಲೇ ನಿಂತಿತ್ತು. ಈ ಮುದಿ ಕೋತಿಯ ಬುದ್ಧಿ ಎಂದು ಮನಸ್ಸಿನಲ್ಲೇ ಬೈದುಕೊಂಡು ಲೋಟ ಎತ್ತಿ ಗುಟುಕರಿಸಿದ. ಮರುಕ್ಷಣ ಥೂ ಎಂದು ಉಗುಳಿದ.

"ಉಪ್ಪು! ಯಾರಾದರೂ ಕುಡಿಯೋ ಚಹಾನಾ ಇದು?"

ಈರುಳ್ಳಿಗೆ ಉದುರಿಸುವ ಉಪ್ಪಿನ ಡಬ್ಬಿ ಮಾಸ್ತರರ ಮೊಣಕೈ ಬಳಿ ಬಾಯಿ ತೆರೆದುಕೊಂಡಿತ್ತು. ಅವರು ತಮ್ಮ ಲೋಟ ಖಾಲಿ ಮಾಡಿ, ಪಂಚೆ ಕೊಡವಿ ಎದ್ದರು.

"ಚಹಾ ಸರಿಯಾಗೇ ಇದೆ ಕರಿಬಸ, ನಿನ್ನ ನಾಲಿಗೆ ಸರಿಯಿಲ್ಲ, ಎರಡೂ ಲೋಟದ ದುಡ್ಡು ಕೊಟ್ಟು ಬಾ."