ಬೂತಾಯಿ ತಲೆ ಮತ್ತು ದೂಮಜ್ಜನ ಹೆಬ್ಬೆರಳು

ಕೂತಿರಾ? ಹೂಂ ಅನ್ನಿ. ಹೂಂ ಅನ್ನದವರ ಪಾಲಿನ ಕಥೆಯನ್ನು ಕಾಗೆ ಕಚ್ಚಿಕೊಂಡು ಹೋಗುತ್ತದೆ. ಆಮೇಲೆ ನನ್ನ ಹತ್ತಿರ ಅಳಬೇಡಿ.

ಕಡಲ ಬದಿಯಲ್ಲಿ ತೆಂಕಕೋಡಿ ಅಂತ ಒಂದು ಪೇಟೆ. ಪೇಟೆಗೊಂದು ದಕ್ಕೆ. ಬೋಟು ನಿಲ್ಲುವುದು ಅಲ್ಲೇ, ಮೀನು ಇಳಿಯುವುದು ಅಲ್ಲೇ. ದಕ್ಕೆಯ ಹತ್ತಿರ ಮರಳಲ್ಲಿ ಒಂದು ಮಗುಚಿದ ದೋಣಿ. ದೋಣಿಯ ಅಡಿಯಲ್ಲಿ ಒಂದು ಬೆಕ್ಕು. ಅದರ ಹೆಸರು ಮಸಿಬಾಲಿ. ಮಸಿಬಾಲಿಗೆ ಒಂದೇ ಮರಿ. ಇನ್ನೂ ಕಣ್ಣು ಬಿಡದ ಮರಿ.

ಮೀನು ಮಾರುವ ಜಲಜಕ್ಕ ದಿನಾ ಒಂದು ಬೂತಾಯಿ ಮೀನಿನ ತಲೆ ಎಸೆಯುತ್ತಿದ್ದಳು. ಮಸಿಬಾಲಿ ತಲೆ ತಿನ್ನುತ್ತಿತ್ತು. ಮರಿ ಹಾಲು ಕುಡಿಯುತ್ತಿತ್ತು.

ಒಂದು ದಿನ ತಲೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಮೂರನೇ ದಿನ ಹಾಲು ಬತ್ತಿತು.

ಮಸಿಬಾಲಿ ಜಲಜಕ್ಕನ ಹತ್ತಿರ ಹೋಯಿತು.

“ಜಲಜಕ್ಕಾ, ಜಲಜಕ್ಕಾ! ತಲೆಯಿಲ್ಲ, ಹಾಲಿಲ್ಲ. ಮರಿ ಅಳುತ್ತದೆ, ಮೀಂವ್. ಒಂದು ತಲೆ ಕೊಡು.”

“ತಲೆ ಎಲ್ಲಿಂದ ತರುದು ಮಾರಾಯ್ತಿ? ಬುಟ್ಟಿ ಕಾಣು, ಖಾಲಿ. ಮಾಧುವಿನ ಬೋಟು ಬರಿದೇ ಬಂತು. ಅವನನ್ನು ಕೇಳು, ಹೋಗು.”

ಮಸಿಬಾಲಿ ಬೋಟಿನ ಮಾಧುವಿನ ಹತ್ತಿರ ಹೋಯಿತು.

“ಮಾಧಣ್ಣಾ, ಮಾಧಣ್ಣಾ! ಬುಟ್ಟಿ ಖಾಲಿ, ತಲೆಯಿಲ್ಲ. ತಲೆಯಿಲ್ಲ, ಹಾಲಿಲ್ಲ. ಮರಿ ಅಳುತ್ತದೆ, ಮೀಂವ್. ಒಂದು ಬುಟ್ಟಿ ಮೀನು ಕೊಡು.”

“ನನ್ನ ಮಂಡೆ ತಿನ್ನಬೇಡ. ಮೂರು ದಿನ ಕಡಲಲ್ಲಿ ಸುತ್ತಿದೆ. ಡೀಸೆಲ್ ಮುಗಿಯಿತು, ಮೀನು ಸಿಗಲಿಲ್ಲ. ಕಡಲನ್ನೇ ಕೇಳು, ಹೋಗು.”

ಮಸಿಬಾಲಿ ಕಡಲಿನ ಹತ್ತಿರ ಹೋಯಿತು. ಕಾಲು ಒದ್ದೆಯಾಯಿತು. ಬೆಕ್ಕಿಗೆ ನೀರು ಅಂದರೆ ಆಗುವುದಿಲ್ಲ, ನಿಮಗೆ ಗೊತ್ತಲ್ಲ? ಆದರೂ ನಿಂತಿತು.

“ಕಡಲಮ್ಮಾ, ಕಡಲಮ್ಮಾ! ಬೋಟು ಖಾಲಿ, ಬುಟ್ಟಿ ಖಾಲಿ. ಬುಟ್ಟಿ ಖಾಲಿ, ತಲೆಯಿಲ್ಲ. ತಲೆಯಿಲ್ಲ, ಹಾಲಿಲ್ಲ. ಮರಿ ಅಳುತ್ತದೆ, ಮೀಂವ್. ಒಂದು ಬೋಟು ಮೀನು ಕೊಡು.”

ಕಡಲು ಒಂದು ತೆರೆಯನ್ನು ಹಿಂದಕ್ಕೆ ಎಳೆದುಕೊಂಡಿತು. ಆಮೇಲೆ ಮೆಲ್ಲಗೆ ಹೇಳಿತು. “ನಿನಗೆ ಒಂದು ಮರಿ. ನನಗೆ ಲಕ್ಷ ಮರಿ. ಎಲ್ಲವನ್ನೂ ಬಲೆ ಎತ್ತಿಕೊಂಡು ಹೋಯಿತು. ಒಂದನ್ನೂ ಬಿಡಲಿಲ್ಲ. ದೊಡ್ಡ ಮೀನು ಎಲ್ಲಿಂದ ಬರಬೇಕು? ಬಲೆ ಹೆಣೆಯುವವನನ್ನು ಕೇಳು, ಹೋಗು.”

ಮಸಿಬಾಲಿ ಬಲೆ ಹೆಣೆಯುವ ದೂಮಜ್ಜನ ಹತ್ತಿರ ಹೋಯಿತು.

“ದೂಮಜ್ಜಾ, ದೂಮಜ್ಜಾ! ಬಲೆ ಬಿಡದು, ಕಡಲು ಖಾಲಿ. ಕಡಲು ಖಾಲಿ, ಬೋಟು ಖಾಲಿ. ಬೋಟು ಖಾಲಿ, ಬುಟ್ಟಿ ಖಾಲಿ. ಬುಟ್ಟಿ ಖಾಲಿ, ತಲೆಯಿಲ್ಲ. ತಲೆಯಿಲ್ಲ, ಹಾಲಿಲ್ಲ. ಮರಿ ಅಳುತ್ತದೆ, ಮೀಂವ್. ಬಲೆಯ ಕಣ್ಣು ದೊಡ್ಡದು ಮಾಡು, ಮರಿಮೀನು ನುಸುಳಲಿ.”

ದೂಮಜ್ಜ ತಲೆ ಎತ್ತಲಿಲ್ಲ. “ಆಗುದಿಲ್ಲ. ಫ್ಯಾಕ್ಟರಿಯವರಿಗೆ ಮೀನಿನ ಮರಿಯೂ ಬೇಕಂತೆ. ಅದಕ್ಕೇ ಸಣ್ಣ ಕಣ್ಣು. ಅವರನ್ನು ಕೇಳು, ಹೋಗು.”

ಪೇಟೆಯ ಆಚೆ ಹೊಸ ಫ್ಯಾಕ್ಟರಿ. ಮೀನನ್ನು ಬೇಯಿಸಿ, ಒಣಗಿಸಿ, ಹುಡಿ ಮಾಡುವ ಫ್ಯಾಕ್ಟರಿ. ಹುಡಿ ದೂರದ ಊರಿನ ಕೋಳಿಗಳಿಗೆ. ಮಸಿಬಾಲಿ ಬಿಸಿಲಲ್ಲಿ ನಡೆಯಿತು. ಹೊಟ್ಟೆ ಬೆನ್ನಿಗೆ ಅಂಟಿತ್ತು. ಗೇಟಿನಲ್ಲಿ ವಾಚ್‌ಮನ್ ಲಾದ್ರು ಕೂತಿದ್ದ.

“ಲಾದ್ರಣ್ಣಾ, ಲಾದ್ರಣ್ಣಾ! ಫ್ಯಾಕ್ಟರಿ ಕೇಳುತ್ತದೆ, ಬಲೆ ಬಿಡದು. ಬಲೆ ಬಿಡದು, ಕಡಲು ಖಾಲಿ. ಕಡಲು ಖಾಲಿ, ಬೋಟು ಖಾಲಿ. ಬೋಟು ಖಾಲಿ, ಬುಟ್ಟಿ ಖಾಲಿ. ಬುಟ್ಟಿ ಖಾಲಿ, ತಲೆಯಿಲ್ಲ. ತಲೆಯಿಲ್ಲ, ಹಾಲಿಲ್ಲ. ಮರಿ ಅಳುತ್ತದೆ, ಮೀಂವ್. ಮರಿಮೀನು ಕೇಳಬೇಡಿ.”

“ಯಾರು ಕೇಳುದು?” ಅಂದ ಲಾದ್ರು. “ಚಿಮಣಿ ಕಾಣು. ಹೊಗೆ ಉಂಟಾ? ಎಂಟು ದಿನ ಆಯ್ತು, ಮೀನಿಲ್ಲದೆ ಒಲೆ ಆರಿದೆ. ಧನಿಗಳು ಬೀಗ ಹಾಕಿ ಹೋದರು. ನಾಳೆಯಿಂದ ನನಗೂ ಕೆಲಸ ಇಲ್ಲ. ಕಡಲನ್ನು ಕೇಳು, ಹೋಗು.”

“ಕಡಲನ್ನು ಕೇಳಿ ಆಯಿತು.”

“ಹಾಗಾದರೆ ನನಗೆ ಗೊತ್ತಿಲ್ಲ ಮಾರಾಯ್ತಿ.”

ನೋಡಿದಿರಾ? ಎಲ್ಲರೂ ಹೋಗು ಹೋಗು ಅಂದವರೇ. ಬಾ ಅಂದವರು ಒಬ್ಬರೂ ಇಲ್ಲ.

ಮಸಿಬಾಲಿ ದೋಣಿಯ ಅಡಿಗೆ ಬಂತು. ಮರಿ ಈಗ ಜೋರಾಗಿ ಅಳುತ್ತಿರಲಿಲ್ಲ. ಮೆಲ್ಲಗೆ, ಮೀಂವ್. ಮಸಿಬಾಲಿಗೆ ಹೆದರಿಕೆಯಾಯಿತು. ಮರಿಯನ್ನು ಕಚ್ಚಿಕೊಂಡು ಓಡಿತು. ದೂಮಜ್ಜನ ಬಲೆಯ ರಾಶಿಯ ಮೇಲೆ ಇಟ್ಟಿತು. “ದೂಮಜ್ಜಾ, ಫ್ಯಾಕ್ಟರಿಯ ಒಲೆ ಆರಿದೆ,” ಅಂದಿತು.

ಮರಿ ತೆವಳಿತು. ಮರಿಯ ಕಾಲು ಬಲೆಯ ಕಣ್ಣಿಗೆ ಸಿಕ್ಕಿತು. ಎಳೆದಷ್ಟೂ ಬಿಗಿಯಿತು. ಮೀಂವ್, ಮೀಂವ್!

ದೂಮಜ್ಜ ಬಿಡಿಸಲು ಹೆಬ್ಬೆರಳು ಹಾಕಿದ. ಹೋಗಲಿಲ್ಲ. ಕಿರುಬೆರಳು ಹಾಕಿದ. ಅದೂ ಹೋಗಲಿಲ್ಲ. ಕೊನೆಗೆ ಕತ್ತಿ ತೆಗೆದು ದಾರ ಕೊಯ್ದ. ಮರಿ ಅವನ ಅಂಗೈಯಲ್ಲಿ ನಡುಗುತ್ತಾ ಮಲಗಿತು.

“ಅಪ್ಪ ಹೆಬ್ಬೆರಳು ಅಳತೆ ಇಟ್ಟು ಬಲೆ ಹೆಣೆಯುತ್ತಿದ್ದ,” ಅಂದ ದೂಮಜ್ಜ. “ಹೆಬ್ಬೆರಳಷ್ಟು ದಾರಿ ಮರಿಗೆ ಬಿಡು ಮಗಾ ಅಂತಿದ್ದ. ನಾನು ಬಿಡಲಿಲ್ಲ. ಅಲ್ಲಿ ಒಲೆ ಆರಿದೆ. ಇನ್ನು ಯಾರಿಗಾಗಿ ಈ ಸಣ್ಣ ಕಣ್ಣು?”

ಮರಿಗೆ ಗಂಜಿ ತಿಳಿ ನೆಕ್ಕಿಸಿದ. ಮಸಿಬಾಲಿಗೂ ಗಂಜಿ ಹಾಕಿದ. ಹಳೆ ಬಲೆ ಬಿಚ್ಚಿದ. ಹೆಬ್ಬೆರಳು ಇಟ್ಟು ಒಂದು ಕಣ್ಣು ಹೆಣೆದ. ಹೆಬ್ಬೆರಳು ಇಟ್ಟು ಇನ್ನೊಂದು ಕಣ್ಣು ಹೆಣೆದ. ಹೆಬ್ಬೆರಳು ಸುಲಿಯಿತು. ಬಲೆ ಮುಗಿಯಿತು.

“ಕೊಡಜ್ಜ,” ಅಂದ ಮಾಧು. “ಹೇಗೂ ಖಾಲಿ ಬಲೆ ಎಳೆಯುದು. ಇದನ್ನೇ ಎಳೆಯುವ.”

ಎಳೆದ. ಮರಿಮೀನುಗಳು ಕಣ್ಣಿನಿಂದ ನುಸುಳಿ ಹೋದವು. ಬೋಟು ಖಾಲಿಯೇ ಬಂತು.

ಆಮೇಲೆ ಮಳೆ ಬಂತು. ಬೋಟುಗಳನ್ನು ಕಟ್ಟಿದರು. ಜಲಜಕ್ಕನ ಬುಟ್ಟಿ ಗೋಡೆಯಲ್ಲಿ ನೇತಾಡಿತು. ಎಲ್ಲರ ಮನೆಯಲ್ಲೂ ಗಂಜಿ ತೆಳ್ಳಗಾಯಿತು.

ನೂಲ ಹುಣ್ಣಿಮೆ ಬಂತು. ಕಡಲಿಗೆ ಹಾಲೆರೆಯುವ ದಿನ. ಜಲಜಕ್ಕ ಒಂದು ಲೋಟ ಹಾಲು ತಂದಳು. ಕಡಲಿಗೆ ಎರೆದಳು. ಮಸಿಬಾಲಿ ನೋಡುತ್ತಿತ್ತು. ಹಾಲಿಗೆ ಬಾಯಿ ಹಾಕಲಿಲ್ಲ. ಕಡಲಿಗೂ ಮರಿಗಳಿವೆಯಲ್ಲ.

ಬೋಟು ಹೋಯಿತು. ಬೋಟು ಬಂತು. ಏನು ಬಂತು? ಹೇಳಿ!

ಫ್ಯಾಕ್ಟರಿ ಆರಿತು, ಬಲೆ ಬಿಟ್ಟಿತು. ಬಲೆ ಬಿಟ್ಟಿತು, ಕಡಲು ತುಂಬಿತು. ಕಡಲು ತುಂಬಿತು, ಬೋಟು ತುಂಬಿತು. ಬೋಟು ತುಂಬಿತು, ಬುಟ್ಟಿ ತುಂಬಿತು. ಬುಟ್ಟಿ ತುಂಬಿತು, ತಲೆ ಬಂತು.

ತಲೆ ಬಂತು, ಹಾಲು ಬಂತಾ?

ಇಲ್ಲ ಮಕ್ಕಳೇ. ಹಾಲು ಬರಲಿಲ್ಲ. ಹಾಲು ಕುಡಿಯುವ ದಿನಗಳು ಗಂಜಿ ತಿಳಿಯಲ್ಲೇ ಕಳೆದುಹೋಗಿದ್ದವು. ಮರಿಗೆ ಈಗ ಕಣ್ಣಿತ್ತು. ಹಲ್ಲಿತ್ತು. ಪಕ್ಕೆಲುಬು ಎಣಿಸಬಹುದಿತ್ತು.

“ಬಾ ಮಾರಾಯ್ತಿ, ಬಾ!” ಅಂದಳು ಜಲಜಕ್ಕ. ಒಂದು ಬೂತಾಯಿ ತಲೆ ಎಸೆದಳು.

ಮಸಿಬಾಲಿ ತಲೆಯನ್ನು ಕಚ್ಚಿತು. ತಿನ್ನಲಿಲ್ಲ. ದೋಣಿಯ ಅಡಿಗೆ ತಂದು ಮರಿಯ ಮುಂದೆ ಇಟ್ಟಿತು. ಮರಿ ಕರುಂಕುರುಂ ತಿಂದಿತು. ತಲೆ ಇಟ್ಟಿದ್ದ ಮರಳನ್ನು ಮಸಿಬಾಲಿ ನೆಕ್ಕಿತು.

ಹೂಂ ಅಂದಿರಲ್ಲ? ಹಾಗಾದರೆ ಕಥೆ ನಿಮ್ಮದು. ಕಾಗೆಗೆ ಬರೀ ಮುಳ್ಳು.