ಮುನಿಸ್ಕೊಂಡು ಹೋದ ಬಾವಿ

ಒಂದಾನೊಂದು ಕಾಲದಲ್ಲಿ, ಕಡಲಾಚೆ ಐರ್ಲೆಂಡ್ ಅಂತ ದೇಶ ಇದೆಯಲ್ಲ ಪುಟ್ಟಿ, ಅಲ್ಲಿ ಒಂದು ಹಳ್ಳೀಲಿ ನೋರಾ ಅಂತ ಒಬ್ಬಳು ತಾಯಿ ಇದ್ದಳಂತೆ. ನಂಗೆ ಕಾನ್ವೆಂಟಲ್ಲಿ ಪಾಠ ಹೇಳ್ತಿದ್ದ ಸಿಸ್ಟರಮ್ಮ ಆ ಕಡೆಯವರೇ, ಅವರು ಹೇಳಿದ ಕತೆ ಇದು. ಕಾಲು ಒದೀಬೇಡ, ಕೇಳು. ನೋರಾಗೆ ಮೂರು ಹೆಣ್ಣುಮಕ್ಕಳು, ಬ್ರೀಜ್, ಊನಾ, ಮೇವ್. ನಗ್ತೀಯೇನೇ? ನಿನ್ನ ಹೆಸರು ಕೇಳಿದ್ರೆ ಅವರೂ ಹೀಗೇ ನಗ್ತಾರೆ. ಆಮೇಲೆ ಆ ತಾಯಿಗೆ ದಿನೇ ದಿನೇ ಕಣ್ಣು ಮಂಜಾಗ್ತಾ ಬಂದು, ಕೊನೆಗೆ ಮಕ್ಕಳ ಮುಖಾನೂ ಕಾಣದೆ ಹೋಯ್ತಂತೆ. ಅಯ್ಯೋ, ಅದಕ್ಕಿಂತ ಸಂಕಟ ಇನ್ನೇನಿದೆ ಹೇಳು.

ಊರಾಚೆ ಒಂದು ದೇವರ ಬಾವಿ. ನಮ್ಮೂರ ಬಾವಿ ಥರ ಆಳದ್ದಲ್ಲ, ಕಲ್ಲಿನ ಮಧ್ಯೆ ಜಿನುಗೋ ಒರತೆ. ಅದರ ನೀರು ತಂದು ಕಣ್ಣಿಗೆ ಹಚ್ಚಿ, ಕಣ್ಣೊರೆಸಿದ ಬಟ್ಟೆಚೂರನ್ನ ಒಗೀದೆ ಹಾಗೇ ಪಕ್ಕದ ಬಿಳಿ ಹೂವಿನ ಮುಳ್ಳುಮರಕ್ಕೆ ಕಟ್ಟಬೇಕು. ಬಟ್ಟೆ ಗಾಳಿಮಳೇಲಿ ಜೀರ್ಣ ಆದ ಹಾಗೆ ರೋಗಾನೂ ಹೋಗುತ್ತೆ ಅಂತ ನಂಬಿಕೆ. ದೊಡ್ಡವಳು ಬ್ರೀಜ್ ಬಟ್ಟೆ ತಗೊಂಡು ಹೋದಳಂತೆ. ಹೋಗಿ, ಇಷ್ಟು ಕೊಳಕು ಬಟ್ಟೆ ದೇವರ ಮರಕ್ಕೆ ಕಟ್ಟಿದ್ರೆ ನಮ್ಮಮ್ಮನ ಮರ್ಯಾದೆ ಏನಾಗ್ಬೇಕು ಅಂದ್ಕೊಂಡು, ಬಾವೀಲೇ ಕುಕ್ಕಿ ಕುಕ್ಕಿ ಒಗೆದುಬಿಟ್ಟಳಂತೆ. ತಾನೊಂದು ಬಗೆದರೆ ದೈವವೊಂದು ಬಗೆಯಿತು. ಬೆಳಗಾಗೋದ್ರಲ್ಲಿ ಒಂದು ತೊಟ್ಟು ನೀರಿಲ್ಲ! ಮೈಲಿಗೆ ಮಾಡಿದ್ರೆ ಬಾವಿ ಮುನಿಸ್ಕೊಂಡು ಬೇರೆ ಕಡೆ ಹೊರಟುಹೋಗುತ್ತಂತೆ.

ಆಮೇಲೆ ಊನಾ ಗುದ್ದಲಿ ತಂದು ಅಗೆದಳಂತೆ, ಬರೀ ಕಲ್ಲು. ಆಮೇಲೆ ಮೇವ್ ಹೊಳೆಯಿಂದ ಕೊಡಗಟ್ಟಲೆ ನೀರು ಹೊತ್ತು ಸುರಿದಳಂತೆ, ಎಲ್ಲಾ ಇಂಗಿಹೋಯ್ತು. ಆಮೇಲೆ ಬ್ರೀಜ್, ತಪ್ಪು ನಂದು, ನಾನೇ ಹುಡುಕ್ತೀನಿ ಅಂತ ಬರಿಗಾಲಲ್ಲಿ ಗುಡ್ಡ ಹತ್ತಿದಳಂತೆ. ಹತ್ತಿ ಹತ್ತಿ ಸುಸ್ತಾದಾಗ, ಇನ್ನೊಂದು ಮುಳ್ಳುಮರದ ಬುಡದಲ್ಲಿ ನೀರಿದ್ದ ಕಡೆ ಮಾತ್ರ ಹುಟ್ಟೋ ಸೊಪ್ಪು ಹಸಿರಾಗಿ ಕಂಡಿತಂತೆ. ಹತ್ರ ಓಡಿದಳು. ಕೊಂಬೆಗಳು ನೆಲ ಮುಟ್ಟೋ ಹಾಗೆ ಹಬ್ಬಿದ್ವು. ಸೊಂಟದಲ್ಲಿ ಕುಡುಗೋಲಿತ್ತು, ಆದ್ರೆ ಆ ಜಾತಿ ಮರಕ್ಕೆ ಕಬ್ಬಿಣ ತಾಗಿಸೋ ಹಾಗಿಲ್ಲ, ಅದು ಕಣ್ಣಿಗೆ ಕಾಣದವರ, ಅಂದ್ರೆ ಯಕ್ಷಿಣಿಯರ ಮರ. ಒಂದು ಸಲ ತಪ್ಪಿದ್ದು ಸಾಕು ನನ್ನಪ್ಪಾ ಅಂತ ಕುಡುಗೋಲು ದೂರ ಎಸೆದು, ಮುಳ್ಳಿನೊಳಗೇ ಕೈ ತೂರಿಸಿ ಮಣ್ಣು ಬಗೆದಳಂತೆ. ರಕ್ತ ಸುರೀತು. ಬೇಕಾದ್ರೆ ನನ್ನ ಕಣ್ಣು ತಗೋ, ನಮ್ಮಮ್ಮಂದು ಕೊಡು ಅಂತ ಅಳ್ತಾ ಅಳ್ತಾ ಬಗೆದಳಂತೆ. ಆಗ ಬೆರಳಿಗೆ ತಣ್ಣಗೆ ನೀರು ತಾಗಿತಂತೆ.

ಆಮೇಲೆ ಅಮ್ಮ ಕಣ್ಣೊರೆಸಿದ ಇನ್ನೊಂದು ಬಟ್ಟೆ ಒಗೀದೆ ಹಾಗೇ ಆ ಮರಕ್ಕೆ ಕಟ್ಟಿ, ದಿನಾ ನೀರು ತಂದು ಹಚ್ಚಿದಳಂತೆ. ತನ್ನ ಪಾಡು ಮಾತ್ರ ಅಮ್ಮಂಗೆ ಹೇಳಲೇ ಇಲ್ಲ. ಮಳೆಗಾಲ ಕಳೆದು ಬಟ್ಟೆ ನೂಲುನೂಲಾಗಿ ಉದುರಿಹೋಯ್ತು. ಅವತ್ತು ಬೆಳಿಗ್ಗೆ ನೋರಾ, ನೀರು ಹಚ್ಚೋ ಕೈಯನ್ನ ಗಪ್ಪನೆ ಹಿಡ್ಕೊಂಡು, ಇದೇನೇ ಮಗಳೇ, ಕೈ ತುಂಬಾ ಕೆಂಪು ಕೆಂಪು ಗಾಯದ ಕಲೆ ಅಂದಳಂತೆ.

ಮೂವರು ಮಕ್ಕಳೂ ಹೋ ಅಂತ ಅತ್ತುಬಿಟ್ಟರಂತೆ. ಆಮೇಲೆ ಎಲ್ಲರೂ ಸುಖವಾಗಿದ್ರು, ಬಾವಿ ಗುಡ್ಡದ ಮೇಲೇ ಉಳೀತು, ಕತೇನೂ ಮುಗೀತು ಕಣೇ. ಮಲಕ್ಕೋ ಇನ್ನು.