ಹೊಳೆಯಾಚೆ ಕೇಳಿದ ಕೊಂಬು

"ಇತಿಹಾಸ ತಿರುಗಿದ ದಿನ ಯಾವುದೆಂದು ಗುರುತಿಸುವುದು ಹೇಗೆ, ಗುರುಗಳೇ?" ಎಂದು ಚಿದಂಬರ ಕೇಳಿದ.

ಚಿದಂಬರ ಆಶ್ರಮದ ಶಾಲೆಯಲ್ಲಿ ಬೆಳಗ್ಗೆ ಮಕ್ಕಳಿಗೆ ಇತಿಹಾಸ ಹೇಳಿಕೊಡುತ್ತಿದ್ದ. ಮಧ್ಯಾಹ್ನ ಊಟದ ಗಂಟೆ ಹೊಡೆಯುವುದೂ ಅವನದೇ ಕೆಲಸ. ಮೊದಲ ಗಂಟೆಗೆ ಒಳಗೆ ಕೂತವರು ಉಂಡು ಎದ್ದಾಗಿತ್ತು. ಎರಡನೆಯ ಗಂಟೆ ಹೊಡೆದು ಬಂದು ಅವನು ಗುರುಗಳ ಎದುರು ಕೂತಿದ್ದ. ಹೊರಗೆ ಚಪ್ಪರದಡಿ ಎರಡನೆಯ ಸಾಲಿನವರಿಗೆ ಎಲೆ ಹಾಕುತ್ತಿದ್ದರು.

ಅಂದಿನ ಪಾಠ ಅಮೆರಿಕದ್ದು. ಗುಲಾಮರನ್ನು ಬಿಡುಗಡೆ ಮಾಡುವ ಆದೇಶ ರಾಜಧಾನಿಯಲ್ಲಿ ಹೊರಟಿತು. ಅಲ್ಲಿನ ಉತ್ತರ ದಕ್ಷಿಣಗಳ ಅಂತರ್ಯುದ್ಧ ಮುಗಿದದ್ದು ಅದಾಗಿ ಎರಡು ವರ್ಷದ ಮೇಲೆ. ಟೆಕ್ಸಸ್ ಎಂಬ ದೂರದ ಸೀಮೆಯಲ್ಲಿ ಆ ಆದೇಶವನ್ನು ಓದಿ ಹೇಳಿದ್ದು ಇನ್ನೂ ಆಮೇಲೆ. ಈ ಮೂರರಲ್ಲಿ ತಿರುವು ಯಾವುದು ಎಂದು ತರಗತಿಯಲ್ಲಿ ಪ್ರಶ್ನೆ ಬಂದಿತ್ತು. ಆ ಪ್ರಶ್ನೆಯನ್ನೇ ಚಿದಂಬರ ಗುರುಗಳ ಹತ್ತಿರ ತಂದಿದ್ದ.

ಗುರುಗಳು ಈ ಕತೆ ಹೇಳಿದರು.

ಆ ಟೆಕ್ಸಸ್ಸಿನಲ್ಲಿ, ಒಂದು ಹೊಳೆಯ ದಂಡೆಯಲ್ಲಿ, ಒಬ್ಬ ಧಣಿಗೆ ಹತ್ತಿಯ ಹೊಲವಿತ್ತು. ಅಲ್ಲಿ ದುಡಿಯುವವರೆಲ್ಲ ಅವನ ಗುಲಾಮರು. ಅವರಲ್ಲೊಬ್ಬನಿಗೆ ಕೊಂಬೂದುವ ಕೆಲಸ. ಮೂಡಲು ಬೆಳ್ಳಗಾಗುವ ಮೊದಲೇ ಅವನು ದನದ ಕೊಂಬನ್ನು ಊದಬೇಕು. ಬೆಳಕು ಹರಿಯುವಷ್ಟರಲ್ಲಿ ಎಲ್ಲರೂ ಗುದ್ದಲಿ ಹಿಡಿದು ಹೊಲದಲ್ಲಿ ನಿಂತಿರಬೇಕು. ಕೊಂಬು ತಡವಾದರೆ ಮೊದಲ ಚಾಟಿ ಅವನ ಬೆನ್ನಿಗೆ. ಹಾಗಾಗಿ ಅವನು ಎಂದೂ ಕಣ್ತುಂಬ ನಿದ್ದೆ ಮಾಡಿದವನಲ್ಲ.

ಉಳಿದವರಿಗೆ ಅವನೆಂದರೆ ಅಷ್ಟಕ್ಕಷ್ಟೆ. ಅವನಿಗೆ ಧಣಿಯ ಹುಂಜ ಎಂದು ಹೆಸರಿಟ್ಟಿದ್ದರು. ಅವನು ಗಂಜಿಗೆ ಬಂದಾಗಲೆಲ್ಲ ಅಡುಗೆಯ ಮುದುಕಿ ಟೆಂಪಿ, "ಹುಂಜ ಬಂತು, ನೀರು ಕಾಯೋಕಿಡಿ" ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಅವನೂ ನಗುತ್ತಿದ್ದ.

ಅವನಿಗೆ ವೀನಿ ಎಂಬ ಒಬ್ಬಳೇ ಮಗಳು. ಧಣಿ ಅವಳನ್ನು ಹೊಳೆಯಾಚೆ ತನ್ನ ಭಾವಮೈದುನನ ಹೊಲಕ್ಕೆ ಕೊಟ್ಟುಬಿಟ್ಟಿದ್ದ. ಅಪ್ಪಣೆಯಿಲ್ಲದೆ ಗುಲಾಮ ಹೊಳೆ ದಾಟುವಂತಿರಲಿಲ್ಲ, ಅಪ್ಪಣೆ ಯಾರಿಗೂ ಸಿಗುತ್ತಿರಲಿಲ್ಲ. ಆದರೆ ಗಾಳಿಯಿಲ್ಲದ ಬೆಳಗಿನಲ್ಲಿ ಕೊಂಬಿನ ಸದ್ದು ಆಚೆ ದಡ ಮುಟ್ಟುತ್ತಿತ್ತು. ಅವನು ಕೊನೆಯ ಉಸಿರನ್ನು ಒಂದಿಷ್ಟು ಎಳೆದು ಬಿಡುತ್ತಿದ್ದ. ಅಪ್ಪ ಬದುಕಿದ್ದಾನೆಂದು ಮಗಳಿಗೆ ತಿಳಿಯಲಿ ಎಂದು. ಇದು ಅವನ ಹೊರತು ಯಾರಿಗೂ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿರಬಹುದು ಎಂದು ನಂಬಿದ್ದ.

ಬಿಡುಗಡೆಯ ಸುದ್ದಿ ಹಿಂದೆಯೂ ಒಮ್ಮೆ ಬಂದಿತ್ತು. ಗಾಡಿಯವನೊಬ್ಬನ ಮಾತು ನಂಬಿ ಒಬ್ಬ ಹೊರಟೇಬಿಟ್ಟಿದ್ದ. ನಾಯಿ ಬಿಟ್ಟು ಹಿಡಿದು ತಂದರು. ಅವನು ಈಗಲೂ ಕಾಲೆಳೆಯುತ್ತಾ ಕಳೆ ತೆಗೆಯುತ್ತಿದ್ದ. ಅಂದಿನಿಂದ ಯಾವ ಸುದ್ದಿ ಕಿವಿಗೆ ಬಿದ್ದರೂ ಜನ ಕೇಳಿಸಿಕೊಂಡಂತೆ ತೋರಿಸಿಕೊಳ್ಳುತ್ತಿರಲಿಲ್ಲ.

ಬೇಸಗೆಯ ಒಂದು ದಿನ, ನಡುಹಗಲಿನಲ್ಲಿ ಕೊಂಬೂದು ಎಂದು ಧಣಿ ಹೇಳಿದ. ಹಾಗೆ ಎಂದೂ ಊದಿದ್ದಿಲ್ಲ. ಯಾರನ್ನೋ ಮಾರಲಿಕ್ಕೆ ಎಂದುಕೊಂಡು ಎಲ್ಲರೂ ಮಕ್ಕಳನ್ನು ಹಿಂದೆ ಮಾಡಿಕೊಂಡು ಬಂದು ನಿಂತರು. ಧಣಿ ಜಗಲಿಯ ಮೇಲಿಂದ ಒಂದು ಕಾಗದ ಓದಿದ. ಗುಲಾಮರೆಲ್ಲ ಇನ್ನು ಸ್ವತಂತ್ರರು ಎಂದು ಅದರಲ್ಲಿತ್ತು. ಗಲಾಟೆಯಿಲ್ಲದೆ ಇದ್ದಲ್ಲೇ ಇದ್ದು ಕೂಲಿಗೆ ದುಡಿಯಿರಿ ಎಂದೂ ಇತ್ತು.

ಯಾರೂ ಕೂಗಲಿಲ್ಲ. ಟೆಂಪಿ ನಿಂತಲ್ಲೇ ನೆಲಕ್ಕೆ ಕೂತಳು. ಕಾಲೆಳೆಯುವವನು ಮಾತ್ರ, ಇನ್ನೊಂದು ಸಲ ಓದಿ ಎಂದ. ಧಣಿ ಓದಲಿಲ್ಲ. ಕಾಗದ ಮಡಚಿ ಜೇಬಿಗಿಟ್ಟುಕೊಂಡ.

ಸಂಜೆ ಧಣಿ ಕೊಂಬಿನವನ ಪಕ್ಕದಲ್ಲಿ ಹಾದುಹೋಗುತ್ತಾ, "ನಾಳೆ ಎಂದಿನಂತೆ" ಎಂದ. ಅದು ಅಪ್ಪಣೆಯೋ, ಕೇಳಿಕೆಯೋ ತಿಳಿಯಲಿಲ್ಲ. ಹಿಂದೆಂದೂ ಅವನು ಹಾಗೆ ಹೇಳಿದ್ದೂ ಇಲ್ಲ. ಹೇಳುವ ಅಗತ್ಯವೇ ಇರಲಿಲ್ಲ.

ಮರುದಿನ ಹೊತ್ತಿಗೆ ಸರಿಯಾಗಿ ಅವನಿಗೆ ಎಚ್ಚರವಾಯಿತು. ಕೊಂಬು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತ. ಕಾಗದ ನಿಜವಾಗಿದ್ದರೆ ಊದಬೇಕಿಲ್ಲ. ನಿಜವಲ್ಲದಿದ್ದರೆ, ಯಾರು ಏನು ಮಾಡುತ್ತಾರೆಂದು ನೋಡಲಿಕ್ಕೇ ಧಣಿ ಓದಿದ್ದರೆ, ಊದದವನ ಗತಿ ಏನು? ತನ್ನನ್ನು ಹೊಡೆದರೆ ಹೊಡೆಯಲಿ. ವೀನಿಯನ್ನು ಇನ್ನೂ ದೂರ, ಕೊಂಬು ಕೇಳದ ಕಡೆಗೆ, ಸಾಗಿಸಿಬಿಟ್ಟರೆ? ಮೂಡಲು ಬೆಳ್ಳಗಾಗುತ್ತಾ ಬಂತು. ನಾನು ಊದುತ್ತೇನೆ, ಬೇಡವಾದವರು ಬರದಿರಲಿ ಎಂದುಕೊಂಡು ಊದಿದ. ಕೊನೆಯ ಉಸಿರನ್ನು ಎಳೆಯುವುದನ್ನೂ ಮರೆಯಲಿಲ್ಲ.

ಗುಡಿಸಲುಗಳಲ್ಲಿ ಜನ ಎದ್ದೇ ಕೂತಿದ್ದರು. ಕೊಂಬು ಕೇಳಿತು. ಓಹೋ, ಕಾಗದದ ಮಾತು ಹಿಂದಕ್ಕೆ ಹೋಯಿತು ಎಂದುಕೊಂಡರು. ಒಬ್ಬೊಬ್ಬರೇ ಗುದ್ದಲಿ ಹಿಡಿದು ಬಂದು ಹೊಲದಲ್ಲಿ ನಿಂತರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಎಲ್ಲರೂ ಬಂದದ್ದನ್ನು ಕಂಡು ಕೊಂಬಿನವನು, ಸದ್ಯ, ಊದಿದ್ದೇ ಒಳ್ಳೆಯದಾಯಿತು ಎಂದುಕೊಂಡ. ಧಣಿ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ನೋಡಿದ.

ಹೀಗೆ ಕಳೆ ತೆಗೆದದ್ದಾಯಿತು. ಹತ್ತಿ ಒಡೆಯಿತು. ಕೂಲಿಯ ಮಾತು ಯಾರೂ ಎತ್ತಲಿಲ್ಲ.

ಒಂದು ದಿನ ಗಂಜಿ ಬಡಿಸುತ್ತಾ ಟೆಂಪಿ, ಹುಂಜ ಎನ್ನದೆ, ಮೆಲ್ಲಗೆ ಕೇಳಿದಳು. "ಆ ಕಾಗದ ಹಿಂದಕ್ಕೆ ತಗೊಂಡ್ರು ಅಂತ ನಿನಗೆ ಯಾರು ಹೇಳಿದ್ದು?"

"ನನಗೆ ಯಾರೂ ಹೇಳಿಲ್ಲ" ಎಂದ ಅವನು.

"ಮತ್ತೆ ಯಾಕೆ ಊದಿದೆ?"

"ನೀವೆಲ್ಲ ಬಂದಿರಲ್ಲ."

"ನೀನು ಊದಿದೆ ಅಂತ ಬಂದ್ವಲ್ಲೋ" ಎಂದಳು ಟೆಂಪಿ. ಸೌಟು ಅವಳ ಕೈಯಲ್ಲೇ ಉಳಿಯಿತು.

ಅವನು ಗಂಜಿ ಮುಟ್ಟಲಿಲ್ಲ. ಮರುದಿನ ಬೆಳಗ್ಗೆ ಕೊಂಬನ್ನು ತುಟಿಯವರೆಗೆ ತಂದು ಕೆಳಗಿಳಿಸಿದ. ಬೆಳಕು ಹರಿಯಿತು. ಯಾರೂ ಗುಡಿಸಲಿನಿಂದ ಹೊರಗೆ ಬರಲಿಲ್ಲ. ಅವನು ಕೊಂಬನ್ನು ಧಣಿಯ ಜಗಲಿಯ ಮೆಟ್ಟಿಲ ಮೇಲಿಟ್ಟು ಹೊಳೆಯ ಕಡೆಗೆ ನಡೆದ. ನಾಯಿ ಬೊಗಳುತ್ತದೇನೋ ಎಂದು ದಾರಿಯುದ್ದಕ್ಕೂ ಬೆನ್ನು ಬಿಗಿಹಿಡಿದುಕೊಂಡೇ ನಡೆದ. ಯಾವ ನಾಯಿಯೂ ಬೊಗಳಲಿಲ್ಲ.

ದೋಣಿಯವನು ಏನೂ ಕೇಳದೆ ಹತ್ತಿಸಿಕೊಂಡ. ನಡುಹೊಳೆಯಲ್ಲಿ ಕೊಂಬಿನವನು ಮಗಳ ಹೆಸರು ಹೇಳಿದ. ದೋಣಿಯವನು ಹುಟ್ಟು ಹಾಕುವುದನ್ನು ನಿಲ್ಲಿಸಿದ.

ಅವನು ಹೇಳಿದ್ದು ಇಷ್ಟು: ಆಚೆ ಹೊಲದಲ್ಲಿ ಕಾಗದ ಓದಿದ ಮರುದಿನವೇ ಜನವೆಲ್ಲ ಹೊರಟುಹೋಗಿದ್ದರು. ವೀನಿ ಒಬ್ಬಳೇ ಉಳಿದಳು. ದಿನಾ ಬೆಳಗ್ಗೆ ದಡಕ್ಕೆ ಬಂದು ನಿಲ್ಲುತ್ತಿದ್ದಳು.

"ದಾಟಿಸ್ತೀನಿ ಬಾ ಅಂದೆ" ಎಂದ ದೋಣಿಯವನು. "ಆ ಕಡೆ ಇನ್ನೂ ಬಿಡುಗಡೆ ಬಂದಿಲ್ಲ, ಹೋದರೆ ನನ್ನನ್ನೂ ಹಿಡಿದು ಹಾಕ್ತಾರೆ ಅಂದಳು. ಅಲ್ಲೂ ಓದಿದಾರಂತೆ ಕಣಮ್ಮ ಅಂದೆ. ಹಾಗಾದರೆ ಅಪ್ಪ ಯಾಕೆ ಇನ್ನೂ ಊದ್ತಾನೆ ಅಂದಳು. ನಾನೇನು ಹೇಳಲಿ? ಹತ್ತಿ ಒಡೆಯೋವರೆಗೂ ಕಾದಳು. ಆಮೇಲೆ ಹೋಗೋ ಗಾಡಿಯೊಂದನ್ನು ಹತ್ತಿಕೊಂಡು ಹೊರಟುಹೋದಳು."

ಯಾವ ಕಡೆಗೆ ಎಂದು ಕೊಂಬಿನವನು ಕೇಳಿದ. ದೋಣಿಯವನು ಹುಟ್ಟನ್ನೆತ್ತಿ ದಾರಿ ತೋರಿಸಿದ. ಸ್ವಲ್ಪ ಮುಂದೆ ಆ ದಾರಿ ಕವಲಾಗುತ್ತಿತ್ತು.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಮುಂದೇನೋ ಇದೆ ಎಂದು ಚಿದಂಬರ ಕಾದ. ಕೊನೆಗೆ ತಡೆಯಲಾರದೆ, "ಮಗಳು ಸಿಕ್ಕಳೇ?" ಎಂದು ಕೇಳಿದ.

ಗುರುಗಳು ಹೊರಗೆ ನೋಡುತ್ತಿದ್ದರು. ಚಪ್ಪರದಡಿ ಎರಡನೆಯ ಸಾಲಿನವರು ಉಂಡು ತಮ್ಮ ಎಲೆ ತಾವೇ ಎತ್ತುತ್ತಿದ್ದರು. ಇನ್ನು ಮೇಲೆ ಜಾತಿ ನೋಡದೆ ಎಲ್ಲರೂ ಒಳಗೆ ಒಟ್ಟಿಗೆ ಕೂತು ಉಣ್ಣಬೇಕೆಂದು ಗುರುಗಳು ಯುಗಾದಿಯ ದಿನ ಸಭೆಯಲ್ಲಿ ಹೇಳಿದ್ದರು. ಹಿರಿಯರು ತಲೆಯಾಡಿಸಿದ್ದರು. ಎರಡನೆಯ ಗಂಟೆಯ ಮಾತು ಮಾತ್ರ ಯಾರೂ ಎತ್ತಿರಲಿಲ್ಲ. ಈಗ ಮಾವಿನ ಕಾಲ ಮುಗಿಯುತ್ತಾ ಬಂದಿತ್ತು.

"ನಾಳೆ ಗಂಟೆ ಎಷ್ಟು ಸಲ ಹೊಡೆಯುತ್ತೀ, ಚಿದಂಬರ?" ಎಂದು ಗುರುಗಳು ಕೇಳಿದರು.